ಬಿ ಖರಾಬಿನ ಆರು ಗುಂಟೆ

ನಮ್ಮೂರಿನ ಮೂಡಣ ದಿಕ್ಕಿಗಿದ್ದ ಮೂರು ಎಕರೆ ರಾಗಿ ಹೊಲ ನಾಲ್ಕು ವರ್ಷಗಳ ಹಿಂದೆ ಬಡಾವಣೆಯಾಯಿತು. ಅದರ ಹಳೆಯ ಪಹಣಿಯಲ್ಲಿ ‘ಬಿ ಖರಾಬು 6 ಗುಂಟೆ’ ಎಂದು ಸ್ಪಷ್ಟವಾಗಿ ನಮೂದಾಗಿದೆ. ಎ ಖರಾಬು ಎಂದರೆ ಉಳುಮೆಗೆ ಒಗ್ಗದ ಜಾಗ. ಬಿ ಖರಾಬು ಎಂದರೆ ಹಳ್ಳ, ದಾರಿ, ಸ್ಮಶಾನಗಳಂತೆ ಸಾರ್ವಜನಿಕರಿಗೆ ಸೇರಿದ್ದು. ನಮ್ಮ ಆ ಆರು ಗುಂಟೆಯಲ್ಲಿದ್ದದ್ದು ಕೆರೆಗೆ ನೀರು ತರುವ ಹಳ್ಳ. ಮಳೆಗಾಲ ಕಳೆದು ತಿಂಗಳಾದರೂ ಅದರ ಮರಳನ್ನು ಅಂಗೈಯಲ್ಲಿ ಬಗೆದರೆ ನೀರು ಒಸರುತ್ತಿತ್ತು. ಈಗ ಅದರ ಮೇಲೆ ನಾಲ್ಕು ನಿವೇಶನಗಳೂ ಒಂದು ತುಂಡು ಡಾಂಬರು ರಸ್ತೆಯೂ ಇವೆ. ಕಳೆದ ವರ್ಷ ಜೋರು ಮಳೆ ಬಂದ ರಾತ್ರಿ, ತನ್ನ ಜಾಗ ಕಳೆದುಕೊಂಡ ನೀರು ತಗ್ಗಿನ ಕೇರಿಯ ಮನೆಗಳಿಗೆ ನುಗ್ಗಿ, ರಾಗಿ ತುಂಬಿದ್ದ ಚೀಲಗಳನ್ನು ತೋಯಿಸಿತು.

ಇದನ್ನು ಕೇಳಲು ಪಂಚಾಯಿತಿಗೆ ಹೋದಾಗ ಸಿಕ್ಕ ಉತ್ತರ ಒಂದೇ: ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಭೂಪರಿವರ್ತನೆ ಜಿಲ್ಲಾಧಿಕಾರಿಗಳದ್ದು, ನಕ್ಷೆಗೆ ಅನುಮೋದನೆ ಯೋಜನಾ ಪ್ರಾಧಿಕಾರದ್ದು, ಪಂಚಾಯಿತಿಯ ಕೈಯಲ್ಲಿ ಏನೂ ಇಲ್ಲ. ಈ ಮಾತನ್ನು ನಾನು ಒಪ್ಪುವುದಿಲ್ಲ. ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆಯ ಆದೇಶ ಬರುವುದು ಜಿಲ್ಲಾಡಳಿತದಿಂದ ಎಂಬುದು ನಿಜ. ಆದರೆ ಪರಿವರ್ತನೆಯಾದ ಜಮೀನಿನ ನಿವೇಶನಗಳಿಗೆ ಇ-ಸ್ವತ್ತು ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಆಸ್ತಿಯ ದಾಖಲೆ ಕೊಡುವುದು ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಡಿ ಮನೆ ಕಟ್ಟಲು ಪರವಾನಗಿ ಕೊಡುವುದೂ, 66ನೇ ಪ್ರಕರಣದಡಿ ವಿದ್ಯುತ್ ಅಥವಾ ಯಂತ್ರಶಕ್ತಿಯಿಂದ ನಡೆಯುವ ಕಾರ್ಖಾನೆಗೆ, ಯಂತ್ರ ಕೂರಿಸುವುದಕ್ಕೆ ಅನುಮತಿ ಕೊಡುವುದೂ ಅದೇ ಪಂಚಾಯಿತಿ. ಇಷ್ಟು ಬಾಗಿಲುಗಳ ಕೀಲಿಕೈ ಹಿಡಿದವರು ತಮ್ಮದೇನೂ ಇಲ್ಲ ಎಂದು ಹೇಳುವುದು ಸರಿಯಲ್ಲ.

ಬಡಾವಣೆಯ ಮೂಲೆಯಲ್ಲಿ ಈಗ ಸಿಮೆಂಟ್ ಇಟ್ಟಿಗೆ ಮಾಡುವ ಘಟಕವೊಂದು ನಡೆಯುತ್ತಿದೆ. ಅದಕ್ಕೆ ಅನುಮತಿ ಕೊಟ್ಟ ಸಭೆಯ ನಡಾವಳಿಯ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆದು ಓದಿದೆ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’ ಎಂಬ ತಲೆಬರಹದಡಿ, ಬೀದಿದೀಪ ಖರೀದಿಯ ಬಿಲ್ಲಿನ ಕೆಳಗೆ, ‘ಚರ್ಚಿಸಿ ಸರ್ವಾನುಮತದಿಂದ ಅನುಮೋದಿಸಲಾಯಿತು’ ಎಂಬ ಒಂದೇ ಸಾಲು. ಮೋಟಾರು ಎಷ್ಟು ಅಶ್ವಶಕ್ತಿಯದ್ದು, ಯಂತ್ರ ಎಷ್ಟು ಹೊತ್ತಿನವರೆಗೆ ಓಡಬಹುದು, ನೀರು ಯಾವ ಕೊಳವೆಬಾವಿಯದ್ದು, ದೂಳಿಗೆ ಏನು ತಡೆ, ಯಾರು ಸ್ಥಳಕ್ಕೆ ಹೋಗಿ ನೋಡಿದರು ಎಂಬ ಒಂದು ಮಾತೂ ಅಲ್ಲಿಲ್ಲ. ಅನುಮತಿಗೆ ಷರತ್ತು ವಿಧಿಸುವ ಅಧಿಕಾರವನ್ನು ಅದೇ 66ನೇ ಪ್ರಕರಣ ಪಂಚಾಯಿತಿಗೆ ಕೊಟ್ಟಿರುವಾಗ, ಒಂದು ಷರತ್ತನ್ನೂ ಬರೆಯದೆ ಸಹಿ ಹಾಕಿದ್ದಾರೆ.

ಅದೇ ವರ್ಷ ನಮ್ಮ ಕೇರಿಯ ವಿಧವೆಯೊಬ್ಬರು ಹಿಟ್ಟಿನ ಗಿರಣಿ ಇಡಲು ಅರ್ಜಿ ಹಾಕಿದ್ದರು. ಅಕ್ಕಪಕ್ಕದವರ ಒಪ್ಪಿಗೆ ಪತ್ರ ತನ್ನಿ, ಕಂದಾಯದ ರಸೀದಿ ತನ್ನಿ, ಮುಂದಿನ ಸಭೆಗೆ ಇಡೋಣ ಎಂದು ಅವರನ್ನು ಎಂಟು ತಿಂಗಳು ಅಲೆಸಿದರು. ನೆರೆಯವರನ್ನು ಕೇಳಬೇಕೆಂಬ ನಿಯಮವನ್ನು ನಾನು ಆಕ್ಷೇಪಿಸುತ್ತಿಲ್ಲ. ಅದು ಸರಿಯಾದ ಕ್ರಮವೇ. ಗಿರಣಿಗೆ ತೋರಿದ ಆ ಎಚ್ಚರವನ್ನು ಇಟ್ಟಿಗೆ ಘಟಕಕ್ಕೆ ಯಾಕೆ ತೋರಲಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ನಾವು ಕೇಳುತ್ತಿರುವುದು ದೊಡ್ಡ ಸುಧಾರಣೆಯೇನಲ್ಲ. ನಿವೇಶನ, ಕಟ್ಟಡ, ಯಂತ್ರ ಯಾವುದರ ಅರ್ಜಿಯೇ ಬರಲಿ, ಸರ್ವೆ ನಂಬರಿನ ಸಮೇತ ಅದನ್ನು ಸಭೆಗೆ ಹದಿನೈದು ದಿನ ಮುಂಚೆ ಸೂಚನಾ ಫಲಕಕ್ಕೆ ಅಂಟಿಸಲಿ. ಸದಸ್ಯರು ಸ್ಥಳದಲ್ಲಿ ನಿಂತು ಗ್ರಾಮ ನಕಾಶೆಯನ್ನು ಹಿಡಿದು ನೋಡಲಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರ್ ಕಾಣುವ ಕಾಲವಿದು. ಆರು ತಿಂಗಳಿಗೊಮ್ಮೆ ನಡೆಯಲೇಬೇಕಾದ ವಾರ್ಡ್ ಸಭೆಯಲ್ಲಿ, ಕೊಟ್ಟ ಅನುಮತಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳಲಿ.

ಹಳ್ಳವನ್ನು ಅಳೆದು, ಗಡಿ ಗುರುತಿಸಿ ಹದ್ದುಬಸ್ತು ಮಾಡಿಕೊಡಿ ಎಂದು ಕೇರಿಯವರೆಲ್ಲ ಸಹಿ ಮಾಡಿದ ಅರ್ಜಿಯನ್ನು ತಹಶೀಲ್ದಾರರ ಕಚೇರಿಗೂ ಪಂಚಾಯಿತಿಗೂ ಕೊಟ್ಟು, ಸ್ವೀಕೃತಿ ಪಡೆದಿದ್ದೇವೆ. ಅಳತೆಯ ದಿನ ಗೊತ್ತಾದ ಕೂಡಲೇ ಇಲ್ಲಿ ತಿಳಿಸುತ್ತೇನೆ. ಹಳೆಯ ಹಳ್ಳದ ದಡ ಎಲ್ಲಿತ್ತೆಂದು ಬಲ್ಲ ಹಿರಿಯರು ಆ ದಿನ ದಯವಿಟ್ಟು ಸ್ಥಳಕ್ಕೆ ಬನ್ನಿ.