ಸೈತಾನ ಸಿಕ್ಕ ಮೇಲೆ ಹುಡುಕಾಟ ನಿಂತಿತು

ಅಮೆರಿಕದ ಮೆಂಫಿಸ್ ನಗರದಿಂದ ಮಿಸ್ಸಿಸಿಪ್ಪಿ ನದಿಯ ಸೇತುವೆ ದಾಟಿದರೆ ಅರ್ಕಾನ್ಸಾ ರಾಜ್ಯ, ವೆಸ್ಟ್ ಮೆಂಫಿಸ್ ಅನ್ನೋ ಸಣ್ಣ ಊರು. ಐ-40, ಐ-55 ಎರಡೂ ಹೆದ್ದಾರಿ ಅಲ್ಲೇ ಕೂಡುತ್ತವೆ. ಹಗಲು ರಾತ್ರಿ ಲಾರಿಗಳ ಸಾಲು. 1993ರಲ್ಲಿ ಲಾರಿ ತೊಳೆಯುವ ಜಾಗವೊಂದರ ಪಕ್ಕ ಒಂದಿಷ್ಟು ಕಾಡು ಇತ್ತು, ರಾಬಿನ್ ಹುಡ್ ಹಿಲ್ಸ್ ಅಂತ ಕರೆಯುತ್ತಿದ್ದರು. ಆ ವರ್ಷ ಮೇ 5ರ ಸಂಜೆ ಎಂಟೆಂಟು ವರ್ಷದ ಮೂವರು ಹುಡುಗರು ಕಾಣೆಯಾದರು. ಮರುದಿನ ಅಲ್ಲಿನ ಹಳ್ಳದಲ್ಲಿ ಅವರ ಶವ ಸಿಕ್ಕಿತು. ಅವರದ್ದೇ ಶೂ ಲೇಸಿನಿಂದ ಕೈಕಾಲು ಕಟ್ಟಿ ಹಾಕಿದ್ದರು.

ಶವ ಸಿಕ್ಕ ಮರುದಿನವೇ ಪೊಲೀಸರು ಡೇಮಿಯನ್ ಎಕಲ್ಸ್ ಅನ್ನೋ 18ರ ಹುಡುಗನನ್ನು ಮಾತಾಡಿಸಿದರು. ಕಪ್ಪು ಬಟ್ಟೆ, ಮೆಟಾಲಿಕಾ ಬ್ಯಾಂಡಿನ ಸಂಗೀತ, ಕೈಯಲ್ಲಿ ದೆವ್ವದ ಕಾದಂಬರಿ. ಬಾಲಾಪರಾಧಿಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ ಮೊದಲಿಂದಲೂ ಅವನ ಮೇಲೆ ಕಣ್ಣು. ಇವನು ಸೈತಾನನ ಪೂಜೆ ಮಾಡ್ತಾನೆ ಅನ್ನೋ ಗುಮಾನಿ. ಕೇಸಿನ ಕಡತಕ್ಕೆ ಬಿದ್ದ ನಂಬರ್ 93-05-0666. ಕ್ರೈಸ್ತರಲ್ಲಿ 666 ಅಂದರೆ ಸೈತಾನನ ಸಂಖ್ಯೆ. ಕಾಕತಾಳೀಯ ಅಂದರು. ಇರಲಿ ಬಿಡಿ.

ಆಗ ಅಮೆರಿಕದ ಗಾಳಿಯೇ ಹಾಗಿತ್ತು. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಮಕ್‌ಮಾರ್ಟಿನ್ ಶಿಶುವಿಹಾರದಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ, ಸೈತಾನನ ಪೂಜೆ ನಡೆಯುತ್ತಿದೆ ಅಂತ 1983ರಲ್ಲಿ ಎದ್ದ ಆರೋಪದ ಕೇಸು 1990ರವರೆಗೆ ನಡೆದು, ಒಬ್ಬರಿಗೂ ಶಿಕ್ಷೆಯಾಗದೆ ಮುಗಿದಿತ್ತು. ಸೈತಾನ ಪಂಥಗಳು ಗುಂಪುಕಟ್ಟಿ ಮಕ್ಕಳನ್ನು ಬಲಿ ಕೊಡುತ್ತಿವೆ ಅನ್ನೋದಕ್ಕೆ ಪುರಾವೆ ಇಲ್ಲ ಅಂತ ಎಫ್‌ಬಿಐನ ಕೆನೆತ್ ಲ್ಯಾನಿಂಗ್ 1992ರಲ್ಲೇ ಬರೆದಿದ್ದರು. ವೆಸ್ಟ್ ಮೆಂಫಿಸ್‌ನಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ.

ಜೂನ್ 3ರಂದು ಜೆಸ್ಸಿ ಮಿಸ್ಕೆಲ್ಲಿ ಅನ್ನೋ 17ರ ಹುಡುಗನನ್ನು ಕರೆತಂದು ಹತ್ತಿರ ಹತ್ತಿರ 12 ಗಂಟೆ ಠಾಣೆಯಲ್ಲಿ ಇಟ್ಟುಕೊಂಡರು. ಅವನ ಐಕ್ಯೂ (ಬುದ್ಧಿಮಟ್ಟದ ಅಂಕ) 72, ಸರಾಸರಿ ಅಂದರೆ 100. ಟೇಪಿನಲ್ಲಿ ದಾಖಲಾಗಿದ್ದು ಒಂದು ಗಂಟೆಯೂ ಇಲ್ಲ. ಬೆಳಿಗ್ಗೆ ಕೊಂದೆವು ಅಂದ, ಆ ಹೊತ್ತಿಗೆ ಹುಡುಗರು ಶಾಲೆಯಲ್ಲಿದ್ದರು. ಹಗ್ಗದಿಂದ ಕಟ್ಟಿದೆವು ಅಂದ, ಕಟ್ಟಿದ್ದು ಲೇಸಿನಲ್ಲಿ. ಆದರೂ ಅದೇ ಹೇಳಿಕೆಯ ಮೇಲೆ ಅವನು, ಎಕಲ್ಸ್, 16ರ ಜೇಸನ್ ಬಾಲ್ಡ್ವಿನ್ ಮೂವರೂ ಒಳಗೆ. ಕೇಸು ಎಷ್ಟು ಗಟ್ಟಿ, ಹತ್ತಕ್ಕೆ ಎಷ್ಟು ಕೊಡ್ತೀರಿ ಅಂತ ಪತ್ರಕರ್ತರು ಕೇಳಿದಾಗ ತನಿಖೆಯ ಮುಖ್ಯಸ್ಥರು ಹನ್ನೊಂದು ಅಂದರು.

ನಮ್ಮವರು ಊರಿನ ಪೊಲೀಸರನ್ನು ಬೈದುಕೊಂಡು ಅಮೆರಿಕದ ಪೊಲೀಸರನ್ನು ಹೊಗಳೋದು ಇಲ್ಲಿನ ಕನ್ನಡಿಗರ ಕೂಟಗಳಲ್ಲಿ ಮಾಮೂಲು. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಅನ್ನುತ್ತಿತ್ತು. ಈಗಿನ ಹೊಸ ಕಾಯ್ದೆಯಲ್ಲೂ ಅದು ಉಳಿದಿದೆ. ಬ್ರಿಟಿಷರು ನಮ್ಮ ಪೊಲೀಸರನ್ನು ನಂಬದೆ ಹಾಕಿದ ಬೇಲಿ ಅದು. ನಂಬದೇ ಇದ್ದದ್ದು ಒಳ್ಳೆಯದೇ ಆಯ್ತು. ಮಿಸ್ಕೆಲ್ಲಿಯ ಹೇಳಿಕೆ ನಮ್ಮ ಕೋರ್ಟಿನಲ್ಲಿ ಬಾಗಿಲು ದಾಟುತ್ತಿರಲಿಲ್ಲ. ಠಾಣೆಯಲ್ಲಿ ಲಾಠಿ ಬೀಸೋದು, 'ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ' ಅಂತ ಟಿವಿಯವರು ಸಂಜೆಯೊಳಗೆ ತೀರ್ಪು ಕೊಡೋದು ನಿಂತಿಲ್ಲ, ಅದು ಬೇರೆ ಮಾತು.

ಹಾಗಂತ ನಾವೇನೂ ಮೇಲಲ್ಲ. ಬೀದರ್, ಕಲಬುರಗಿ ಕಡೆ, ಗಡಿಯಾಚೆ ತೆಲಂಗಾಣದಲ್ಲಿ ಬಾನಾಮತಿ ಮಾಡ್ತಾಳೆ ಅನ್ನೋ ಗುಲ್ಲೆದ್ದರೆ ಠಾಣೆಗೆ ಹೋಗುವಷ್ಟು ತಾಳ್ಮೆಯೂ ಇರುತ್ತಿರಲಿಲ್ಲ. ಹೊಡೆದು ಹಲ್ಲು ಕಿತ್ತಿದ್ದಾರೆ. ಕೊನೆಗೆ ಕರ್ನಾಟಕದಲ್ಲಿ 2017ರಲ್ಲಿ ವಾಮಾಚಾರದ ವಿರುದ್ಧ ಕಾಯ್ದೆಯೇ ಬರಬೇಕಾಯ್ತು. ನಿಧಿ ಆಸೆಗೆ ಬಲಿ ಕೊಟ್ಟ ಕೇಸುಗಳು ನಮ್ಮಲ್ಲಿ ನಿಜಕ್ಕೂ ಇವೆ. ನಿಂಬೆಹಣ್ಣು, ಕುಂಕುಮ, ಅಗೆದ ಗುಂಡಿ ಕಂಡರೆ ಪೊಲೀಸರು ಆ ದಿಕ್ಕಿನಲ್ಲೂ ನೋಡಲೇಬೇಕು. ರಾಬಿನ್ ಹುಡ್ ಹಿಲ್ಸ್‌ನಲ್ಲಿ ಅಂಥದ್ದೊಂದೂ ಸಿಗಲಿಲ್ಲ.

ಸಿಗದಿದ್ದರೇನು, ತಜ್ಞರು ಸಿಕ್ಕರು. ಡೇಲ್ ಗ್ರಿಫಿಸ್ ಅನ್ನೋ ಮಾಜಿ ಪೊಲೀಸ್ ಅಧಿಕಾರಿ. ಅಂಚೆಯಲ್ಲಿ ಓದುವ ಕಾಲೇಜಿನ ಪಿಎಚ್‌ಡಿ. ಅದಕ್ಕೆ ಯಾವ ಯಾವ ಕ್ಲಾಸಿಗೆ ಹೋಗಿದ್ದಿರಿ ಅಂತ ವಕೀಲರು ಕೇಳಿದರೆ ಹೇಳಲು ಒಂದೂ ಇರಲಿಲ್ಲ. ಆದರೂ ನ್ಯಾಯಾಧೀಶರು ತಜ್ಞ ಅಂತ ಒಪ್ಪಿಕೊಂಡರು. ಅವತ್ತು ಹುಣ್ಣಿಮೆ, ಹತ್ತಿರದಲ್ಲೇ ಹಳೆಯ ಹಬ್ಬ, ಪಕ್ಕದಲ್ಲಿ ನೀರು, ಸತ್ತವರು ಎಳೆಯರು, ಆದ್ದರಿಂದ ಇದು ಸೈತಾನನ ಕೆಲಸದ ಲಕ್ಷಣ ಅಂತ ಗ್ರಿಫಿಸ್ ಅಂದರು. ಒಂಟಿಕೊಪ್ಪಲ್ ಪಂಚಾಂಗ ಬಿಡಿಸಿ ನೋಡಿ, ಯಾವ ದಿನಕ್ಕೆ ಏನೂ ಇಲ್ಲ? ಈ ಲೆಕ್ಕದಲ್ಲಿ ಯಾರನ್ನು ಬೇಕಾದರೂ ಹಿಡಿಯಬಹುದು, ಅಲ್ವಾ? 1994ರಲ್ಲಿ ಎಕಲ್ಸ್‌ಗೆ ಮರಣದಂಡನೆ, ಉಳಿದಿಬ್ಬರಿಗೆ ಜೀವಾವಧಿ.

ನನ್ನ ತಕರಾರು ನಂಬಿಕೆಯ ಮೇಲಲ್ಲ. ದೆವ್ವ ಇದೆ ಅಂತ ಪೊಲೀಸ್ ಇನ್ಸ್‌ಪೆಕ್ಟರ್ ನಂಬಿದರೆ ನಂಬಿಕೊಳ್ಳಲಿ. ಆದರೆ ಸೈತಾನ ಅಂತ ಒಂದು ಉತ್ತರ ಕೈಗೆ ಬಂದ ಕೂಡಲೇ ಉಳಿದ ಕೆಲಸ ಸಡಿಲವಾಗುತ್ತದೆ. ಹುಡುಗರು ಕಾಣೆಯಾದ ರಾತ್ರಿಯೇ ಹತ್ತಿರದ ಬೊಜಾಂಗಲ್ಸ್ ಚಿಕನ್ ಹೋಟೆಲಿನ ಹೆಂಗಸರ ಶೌಚಾಲಯಕ್ಕೆ ಮೈಯೆಲ್ಲ ರಕ್ತ, ಕೆಸರು ಮೆತ್ತಿಕೊಂಡ ಒಬ್ಬ ನುಗ್ಗಿದ್ದ. ಮ್ಯಾನೇಜರ್ ಫೋನ್ ಮಾಡಿದರು. ಬಂದ ಪೊಲೀಸಿನವರು ಕಾರಿನಲ್ಲಿ ಕೂತೇ ಊಟ ಕಟ್ಟಿಸಿಕೊಳ್ಳುವ ಕಿಟಕಿಯ ಹತ್ತಿರ ದೂರು ಬರೆದುಕೊಂಡು ಹೋದರು, ಒಳಗೆ ಕಾಲಿಡಲಿಲ್ಲ. ಮರುದಿನ ಗೋಡೆಯಿಂದ ಕೆರೆದು ತಂದ ರಕ್ತ ಲ್ಯಾಬಿಗೆ ಹೋಗಲೇ ಇಲ್ಲ. ಕಳೆದುಹೋಯ್ತು ಅಂತ ಕೋರ್ಟಿನಲ್ಲಿ ಒಪ್ಪಿಕೊಂಡರು. ಆ ಮನುಷ್ಯ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಲಾರಿಗಳು ಬಂದು ಹೋಗುವ ಊರು, ಆ ರಾತ್ರಿ ಹೋದವನು ಹೋದ.

2007ರ ಹೊತ್ತಿಗೆ ಡಿಎನ್‌ಎ ಪರೀಕ್ಷೆಯಲ್ಲಿ ಜೈಲಿನಲ್ಲಿದ್ದ ಮೂವರದ್ದು ಏನೂ ಸಿಗಲಿಲ್ಲ. ದೇಹದ ಮೇಲಿನ ಎಷ್ಟೋ ಗಾಯ ಚಾಕುವಿನದ್ದಲ್ಲ, ಸತ್ತ ಮೇಲೆ ಪ್ರಾಣಿಗಳು ಕಚ್ಚಿದ್ದು ಅಂತ ಎಕಲ್ಸ್ ಕಡೆಯ ವೈದ್ಯರು ಹೇಳಿದರು. 2011ರ ಆಗಸ್ಟ್ 19ರಂದು ಮೂವರೂ ಹೊರಬಂದರು, ಆದರೆ ಆಲ್ಫರ್ಡ್ ಪ್ಲೀ ಅನ್ನೋ ವಿಚಿತ್ರ ರಾಜಿಯ ಮೇಲೆ. ನಾವು ನಿರ್ದೋಷಿಗಳು ಅಂತ ಬಾಯಲ್ಲಿ ಹೇಳಬಹುದು, ಕಾಗದದಲ್ಲಿ ಮಾತ್ರ ಅಪರಾಧಿಗಳು. 18 ವರ್ಷ ಒಳಗಿಟ್ಟದ್ದಕ್ಕೆ ಸರ್ಕಾರ ಕಾಸು ಬಿಚ್ಚಬೇಕಿಲ್ಲ. ಇಂಥ ರಾಜಿ ನಮ್ಮ ಕೋರ್ಟುಗಳಲ್ಲಿ ಇಲ್ಲ. ವರ್ಷಗಟ್ಟಲೆ ಎಳೆದಾಡಿದರೂ ಕೊನೆಗೆ ಖುಲಾಸೆ ಇಲ್ಲವೇ ಶಿಕ್ಷೆ.

2024ರಲ್ಲಿ ಅರ್ಕಾನ್ಸಾ ಸುಪ್ರೀಂ ಕೋರ್ಟು, ಹೊಸ ಡಿಎನ್‌ಎ ಪರೀಕ್ಷೆ ಕೇಳುವ ಹಕ್ಕು ಎಕಲ್ಸ್‌ಗೆ ಇದೆ ಅಂತ ಹೇಳಿತು. ಆ ಶೂ ಲೇಸುಗಳನ್ನೇ ಪರೀಕ್ಷಿಸಿ ಅಂತ ಅವನು ಕೇಳಿದ್ದು.