ಷರೀಫರ ಪದಕ್ಕ ಇದೇನ್ ಗತಿರಿ?

ಹುಬ್ಬಳ್ಳಿ-ಧಾರವಾಡದಾಗ ಹೊಸ ಬ್ಯಾಂಡ್ ಕಟ್ಟಿದ್ರ ಮೊದಲನೇ ಕವರ್ ಶಿಶುನಾಳ ಷರೀಫರ ತತ್ವಪದಾನೇ. ಹಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಧಾಟಿ ಭೀಮಪಲಾಸಿ ರಾಗ ಇದ್ದಾಗ ಗ, ನಿ ಎರಡೂ ಕೋಮಲ, ಅಂದ್ರ ಅರ್ಧ ಮೆಟ್ಟಲ ಇಳದ ಸ್ವರ. ಸಾ ಅನ್ನೂದು ಗಿಟಾರಿನ ಸಿ ಸ್ವರಕ್ಕ ಇಟಗೊಂಡು ಕೆಳಗ ಸಿ ಮೇಜರ್ ಕಾರ್ಡ್ (ಕೂಡಿ ಬಾರಸೂ ಸ್ವರಗಳ ಗುಂಪು) ಯಾಕ ಒತ್ತತೀರಿ? ಅದರಾಗಿರೂದು ಶುದ್ಧ ಗ. ಹಾಡಾವನ ಕೋಮಲ ಗ ಅದಕ್ಕ ಬಡೀತೈತಿ, ಅನ್ನದಾಗ ಹರಳ ಸಿಕ್ಕಂಗ. ಸಿ ಮೈನರ್ ಹಿಡೀರಿ, ಇಲ್ಲಾ ಬರೇ ಸಾ-ಪ ಬಾರಸ್ರಿ, ಸಾಕು.

ಮ್ಯಾಲ ದನಿಯ ಶ್ರುತಿ ತಿದ್ದೂ ಸಾಫ್ಟ್‌ವೇರ್ ಆಟೋಟ್ಯೂನ್ ಬ್ಯಾರೆ. ಅದರಾಗ ರೀಟ್ಯೂನ್ ಸ್ಪೀಡ್ ಸೊನ್ನೆಗೆ, ಅಂದ್ರ ತಟ್ಟನೆ ತಿದ್ದೂವಂಗ, ಇಟ್ರ ಸ್ವರದಿಂದ ಸ್ವರಕ್ಕ ಜಾರೂ ಮೀಂಡ್ ಹೋಗಿ ಮೆಟ್ಟಲಾ ಉಳೀತಾವ. ತಪ್ಪಿದ ಸ್ವರ ಒಂದೊಂದ ಕೈಲೆ ತಿದ್ರಿ.

ಹಾರ್ಮೋನಿಯಂದಂತೂ ಕೇಳಬ್ಯಾಡ್ರಿ. ಹಳೇ ಪೆಟಗಿ ಎಷ್ಟೋ ಸಲ 440 ಹರ್ಟ್ಸ್‌ಗೆ, ಅಂದ್ರ ಗಿಟಾರಿಗೆ ಹಿಡಿಯೂ ಮಾಮೂಲಿ ಶ್ರುತಿಗೆ, ಕೂಡೂದಿಲ್ಲ. ಗಿಟಾರ್ ಎಲ್ಲಾ ಮುಗಿಸಿ ಕಡೀಕ ಪೆಟಗಿಯವರನ್ನ ಕರದ್ರ ಪೂರಾ ಹಾಡು ಅಪಸ್ವರ. ಶ್ರುತಿ ಕೂಡಸಾಕ ಪೆಟಗಿ ಒಳಗಿನ ಹಿತ್ತಾಳಿ ರೀಡು ಅಲ್ಲೇ ಕೂತು ಕೆರಿಯಾಕ ಆಗತೈತೇನು? ಮೊದಲ ಪೆಟಗಿ ರೆಕಾರ್ಡ್ ಮಾಡ್ರಿ. ಟ್ಯೂನರ್‌ದಾಗ 442, 443, ಎಲ್ಲಿ ಕೂಡತೈತೋ ಅಲ್ಲಿ ಇಟ್ಟು ಗಿಟಾರ್ ತಂತಿ ತಿರುವ್ರಿ.

ಇಷ್ಟೆಲ್ಲಾ ಮಾಡಿ ಹಾಡಿನ ವಿವರದಾಗ ‘ಸಾಹಿತ್ಯ: ಜಾನಪದ’ ಅಂತ ಬರೀತೀರಿ. 1819ರಾಗ ಹುಟ್ಟಿ, ಪದದ ಕಡೀಕ ಶಿಶುನಾಳಧೀಶನ ಅಂಕಿತ ಹಾಕಿದ ಮನಶ್ಯಾಗ ಹೆಸರಿಲ್ಲೇನ್ರಪಾ?