ಪೀಠ ಕಟ್ಟಿದವರ ರಾಗ ಹಾಡದ ಮೇಷ್ಟ್ರು

ಸೂಪಿನ ಡಬ್ಬಿಗಳ ಚಿತ್ರ ಬರೆದು ಹೆಸರಾದ ಆಂಡಿ ವಾರ್ಹಾಲ್ ಗೊತ್ತಲ್ಲ? ಅವರ ಅಪ್ಪ ಅಮ್ಮ ಈಗಿನ ಸ್ಲೊವಾಕಿಯಾದ ಮಿಕೊವಾ ಅನ್ನುವ ಹಳ್ಳಿಯಿಂದ ಅಮೆರಿಕಕ್ಕೆ ಹೋದವರು. ಕಾರ್ಪೇಥಿಯನ್ ಬೆಟ್ಟಸಾಲಿನ ಸ್ಲಾವ್ ಸಮುದಾಯವಾದ ರುಸಿನ್ ಜನ. ಆದರೆ 'ರುಸಿನ್ ಅಂತ ಬೇರೆ ಜನವೇ ಇಲ್ಲ, ಅವರೂ ಉಕ್ರೇನಿಯನ್ನರೇ' ಅನ್ನುವವರು ಬೇಕಾದಷ್ಟಿದ್ದಾರೆ. ಈ ತಕರಾರಿನ ನಡುವೆಯೇ ಬದುಕಿಡೀ ಪಾಠ ಹೇಳಿದವರು ಇತಿಹಾಸಕಾರ ಪಾಲ್ ರಾಬರ್ಟ್ ಮಗೋಚಿ.

ಉಕ್ರೇನಿಯನ್ನರು 1891ರಿಂದ ಕೆನಡಾಕ್ಕೆ ವಲಸೆ ಬಂದು ಗೋಧಿ ಬೆಳೆದರು. ಮೊದಲ ಮಹಾಯುದ್ಧದಲ್ಲಿ ಅವರಲ್ಲಿ ಸಾವಿರಾರು ಮಂದಿಯನ್ನು ಶತ್ರುದೇಶದವರೆಂದು ಶಿಬಿರಗಳಲ್ಲಿ ಕೂಡಿಹಾಕಿದರು. ಮುಂದೆ, ತಾಯ್ನಾಡಿನ ಇತಿಹಾಸಕ್ಕೆ ಮಾಸ್ಕೋದ ಅಂಕುಶವಿದ್ದ ಕಾಲದಲ್ಲಿ, ಇಲ್ಲಾದರೂ ನಮ್ಮ ಕಥೆ ಉಳಿಯಲಿ ಎಂದು ಸಮುದಾಯದವರು ಹಣ ಕೂಡಿಸಿ ಟೊರೊಂಟೊ ವಿಶ್ವವಿದ್ಯಾಲಯದಲ್ಲಿ ಉಕ್ರೇನ್ ಅಧ್ಯಯನ ಪೀಠ ತಂದರು. 1980ರಲ್ಲಿ ಅದಕ್ಕೆ ಬಂದವರು ಮಗೋಚಿ. ರುಸಿನ್ ಮೂಲದವರು, ರುಸಿನರು ಬೇರೆಯೇ ಜನ ಅನ್ನುವವರು! ಕಾಸು ಕೊಟ್ಟವರ ಹೊಟ್ಟೆ ಉರಿಯದೆ ಇರುತ್ತದೆಯೇ? ವಿರೋಧ ಜೋರಾಗಿಯೇ ಬಂತು.

ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಾನು ಮೇಷ್ಟ್ರ ಕಡೆ. (ಪೀಠ ಅಂದರೆ ಜಯಂತಿ, ಹಾರ, ಶಾಲು ಎಂದುಕೊಂಡಿರುವ ನಮಗೂ ಇದು ಸ್ವಲ್ಪ ಮುಟ್ಟಿದರೆ ಒಳ್ಳೆಯದೇ.) ಅವರು ಬರೆದ ಉಕ್ರೇನಿನ ಚರಿತ್ರೆ ಒಂದು ಜನಾಂಗದ ವಂಶಾವಳಿಯಲ್ಲ, ಒಂದು ನೆಲದ ಕಥೆ. ಅಲ್ಲಿ ಯಹೂದಿಗಳಿದ್ದಾರೆ, ಪೋಲರಿದ್ದಾರೆ, ಕ್ರೈಮಿಯಾದ ತಾತಾರರಿದ್ದಾರೆ, ಜರ್ಮನ್ ಒಕ್ಕಲುಗಳಿವೆ. ಬರೀ ಹೊಗಳಿಕೆಗೆ ಕೂತಿದ್ದರೆ ಇವರೆಲ್ಲ ಅಡಿಟಿಪ್ಪಣಿಗೆ ಇಳಿಯುತ್ತಿದ್ದರು.

ನನಗೂ ಒಂದು ಕಿರಿಕಿರಿ ಇದೆ. ವಿದ್ವಾಂಸರು ವ್ಯಾಕರಣ, ನಿಘಂಟು, ಚರಿತ್ರೆ ಬರೆದು ಹೇಗೆ ಒಂದು 'ರಾಷ್ಟ್ರ'ವನ್ನು ಕಟ್ಟುತ್ತಾರೆ ಅನ್ನುವುದೇ ಅವರ ಅಧ್ಯಯನದ ವಸ್ತು. ಅಂಥವರು ತಾವೇ ರುಸಿನರಿಗಾಗಿ ಅದೇ ಕೆಲಸಕ್ಕೆ ಕೈಹಾಕಿದರು, ವಿಶ್ವ ರುಸಿನ್ ಕಾಂಗ್ರೆಸ್‌ನ ಅಧ್ಯಕ್ಷರೂ ಆದರು. ರುಚಿ ನೋಡಲು ಬಂದವರು ಸೌಟು ಹಿಡಿದ ಹಾಗೆ. ಉಪ್ಪು ಹೆಚ್ಚಾಯಿತು ಅಂತ ಆಮೇಲೆ ಯಾರು ಹೇಳಬೇಕು? ಇತರರ ರಾಷ್ಟ್ರೀಯತೆಯ ಮೇಲೆ ಹಿಡಿದ ಭೂತಗನ್ನಡಿಯನ್ನು ತಮ್ಮವರ ಮೇಲೂ ಅಷ್ಟೇ ಬಿಗಿಯಾಗಿ ಹಿಡಿದರೇ? ಈ ಅನುಮಾನ ನನಗೆ ಪೂರ್ತಿ ಹೋಗಿಲ್ಲ.

ಹಾಗಂತ ಅವರು ಇಲ್ಲದ್ದನ್ನು ಹುಟ್ಟಿಸಿದರು ಅನ್ನುವುದೂ ತಪ್ಪು. 1945ರಲ್ಲಿ ಸೋವಿಯತ್ ಸರ್ಕಾರ ಆ ಬೆಟ್ಟಸೀಮೆಯ ಟ್ರಾನ್ಸ್‌ಕಾರ್ಪೇಥಿಯಾವನ್ನು ಉಕ್ರೇನಿಗೆ ಸೇರಿಸಿಕೊಂಡು, ಅಲ್ಲಿನ ರುಸಿನರನ್ನೆಲ್ಲ ಕಾಗದದ ಮೇಲೆ ಉಕ್ರೇನಿಯನ್ನರನ್ನಾಗಿ ಮಾಡಿತು. ಅರ್ಧ ಶತಮಾನ ಕಳೆದ ಮೇಲೂ, 2001ರ ಜನಗಣತಿಯಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ತಾವು ರುಸಿನರೆಂದೇ ಬರೆಸಿದರು. ಉಕ್ರೇನ್ ಸರ್ಕಾರ ಅವರನ್ನು ಉಕ್ರೇನಿಯನ್ನರ ಒಂದು ಒಳಗುಂಪೆಂದು ಎಣಿಸಿತು. ಅದೇ ವರ್ಷ ಗಡಿಯಾಚೆ ಸ್ಲೊವಾಕಿಯಾದ ಗಣತಿಯಲ್ಲಿ 24 ಸಾವಿರ ರುಸಿನರು ಪ್ರತ್ಯೇಕ ಜನವಾಗಿಯೇ ದಾಖಲಾದರು. ಬೆಟ್ಟಸಾಲು ಅದೇ.